ದವಡೆಯ ಊತ: ಹಲ್ಲು ಕೀಳಿಸುವ ಮೊದಲು ಒಂದು ಕ್ಷ-ಕಿರಣ ಚಿತ್ರ



ಬೋರ್ಡೋ ದ್ರಾವಣ, ಸುಣ್ಣ ಹಾಕುವ ಕಾಲ, ಕಾಫಿ ಅಡಿಕೆಗಳ ಧಾರಣೆ ಇವುಗಳಿಗೆ ಮೀಸಲಾದ ಈ ಪುಟಗಳಲ್ಲಿ ದವಡೆಯ ಗಡ್ಡೆಯ ವಿಚಾರ ಏಕೆ ಬಂತೆಂದು ಕೆಲವರಿಗೆ ಅನ್ನಿಸಬಹುದು. ಕಾರಣ ಇಷ್ಟೇ. ವೈದ್ಯಕೀಯ ಖರ್ಚಿಗೆಂದು ಸಾಲದ ಅರ್ಜಿ ಹಿಡಿದು ಕಛೇರಿಗೆ ಬರುವ ಸದಸ್ಯರ ಕಾಗದಪತ್ರಗಳನ್ನು ನೋಡುವ ಕೆಲಸ ನಮ್ಮ ಪಾಲಿಗೆ ಬಂದಿದೆ. ಬಾಯಿಗೆ ಮತ್ತು ದವಡೆಗೆ ಸಂಬಂಧಿಸಿದ ಕಾಗದ ಬಂದಾಗ ಎರಡು ಬಗೆಯ ತಪ್ಪುಗಳು ನಮ್ಮ ಕಣ್ಣಿಗೆ ಬೀಳುತ್ತವೆ. ಊತ ಕಂಡ ಕೂಡಲೇ ಕ್ಯಾನ್ಸರೇ ಎಂದು ಹೆದರಿ, ಮನೆಯವರಿಗೂ ಹೇಳದೆ ಮುಚ್ಚಿಟ್ಟುಕೊಳ್ಳುವುದು ಒಂದು. ಹಲ್ಲಿನ ಬಾವು ಎಂದುಕೊಂಡು ಒಂದರ ಹಿಂದೊಂದು ಹಲ್ಲು ಕೀಳಿಸುತ್ತಾ ಹೋಗುವುದು ಇನ್ನೊಂದು. ಎರಡರಲ್ಲೂ ಕಾಲ ಕಳೆಯುತ್ತದೆ, ಎರಡರಲ್ಲೂ ದವಡೆಯ ಮೂಳೆ ಸವೆಯುತ್ತದೆ.

ನಾವು ವೈದ್ಯರಲ್ಲ. ಇಲ್ಲಿ ಬರೆದಿರುವುದು ವೈದ್ಯರ ಮಾತಿಗೆ ಬದಲಿಯೂ ಅಲ್ಲ. ವೈದ್ಯರ ಎದುರು ಕುಳಿತಾಗ ಅವರು ಹೇಳುವುದು ಅರ್ಥವಾಗಬೇಕು, ನಾವೂ ನಾಲ್ಕು ಪ್ರಶ್ನೆ ಕೇಳುವಂತಿರಬೇಕು ಎಂಬ ಉದ್ದೇಶದಿಂದ, ಓದಿ ಕೇಳಿ ತಿಳಿದುಕೊಂಡದ್ದನ್ನು ಬರೆಯುತ್ತಿದ್ದೇವೆ.

ಅಡಿಕೆಯ ಮಾತನ್ನು ಮೊದಲೇ ಮುಗಿಸಿಬಿಡೋಣ. ನಾವು ಬೆಳೆಯುವ ವಸ್ತುವಿನ ಬಗ್ಗೆ ನಾವೇ ಅಡ್ಡಗೋಡೆಯ ಮೇಲೆ ದೀಪವಿಟ್ಟಂತೆ ಮಾತಾಡಬಾರದು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗವು 2004ರಲ್ಲಿ ಪ್ರಕಟಿಸಿದ ವರದಿಯಲ್ಲಿ ಅಡಿಕೆ ಜಗಿಯುವುದನ್ನು, ಅದರಲ್ಲಿ ಹೊಗೆಸೊಪ್ಪು ಇರಲಿ ಇಲ್ಲದಿರಲಿ, ಕ್ಯಾನ್ಸರ್‌ಕಾರಕಗಳ ಪಟ್ಟಿಗೆ ಸೇರಿಸಿತು. ಬಹಳ ಕಾಲ ಜಗಿಯುವವರಲ್ಲಿ ಕೆನ್ನೆಯ ಒಳಪೊರೆ ಗಡುಸಾಗಿ ಬಾಯಿ ತೆರೆಯಲಾಗದ ಸ್ಥಿತಿಯೂ ಬರುತ್ತದೆ. ಆದರೆ ಇವೆರಡೂ ಶುರುವಾಗುವುದು ಬಾಯಿಯ ಒಳಪೊರೆಯಲ್ಲಿ. ಇಲ್ಲಿ ನಾವು ಹೇಳಹೊರಟಿರುವ ಗಡ್ಡೆಗಳು ದವಡೆಯ ಮೂಳೆಯೊಳಗೆ ಹುಟ್ಟುವಂಥವು. ಒಮ್ಮೆಯೂ ಎಲೆ ಹಾಕದ ಶಾಲಾ ಬಾಲಕಿಗೂ ಇವು ಬರುತ್ತವೆ. ಆದ್ದರಿಂದ "ಎಲೆ ಅಡಿಕೆಯ ಪಾಪ" ಎಂದು ಮನೆಮಂದಿಯ ಬೈಗುಳಕ್ಕೆ ಹೆದರಿ ಊತವನ್ನು ಮುಚ್ಚಿಡಬೇಕಾಗಿಲ್ಲ.

ದವಡೆಯಲ್ಲೇ ಏಕೆ?

ದೇಹದ ಇತರ ಮೂಳೆಗಳಿಗೂ ದವಡೆಗೂ ಒಂದು ದೊಡ್ಡ ವ್ಯತ್ಯಾಸವಿದೆ. ದವಡೆಯೊಳಗೆ ಹಲ್ಲು ಬೆಳೆಯುತ್ತದೆ. ಮಗು ಹುಟ್ಟುವ ಮೊದಲೇ ಹಲ್ಲಿನ ಮೊಳಕೆಗಳು ದವಡೆಯಲ್ಲಿ ನೆಲೆಗೊಂಡಿರುತ್ತವೆ. ಹಲ್ಲು ರೂಪುಗೊಂಡು ಹೊರಬಂದ ಮೇಲೆ ಅದನ್ನು ಕಟ್ಟಿದ ಜೀವಕೋಶಗಳ ಕೆಲಸ ಮುಗಿಯಿತು. ಆದರೂ ಅವುಗಳಲ್ಲಿ ಒಂದಷ್ಟು ಅಲ್ಲಲ್ಲೇ ಉಳಿದುಬಿಡುತ್ತವೆ. ಕಾಫಿ ಒಕ್ಕಿದ ಕಣದಲ್ಲಿ ಉಳಿದ ಬೀಜ ಮಳೆ ಬಿದ್ದಾಗ ಮೊಳೆಯುವಂತೆ, ಎಷ್ಟೋ ವರ್ಷಗಳ ನಂತರ ಇಂಥ ಉಳಿಕೆ ಕೋಶಗಳು ಮತ್ತೆ ಬೆಳೆಯತೊಡಗುವುದುಂಟು. ಕೆಲವೊಮ್ಮೆ ನೀರು ತುಂಬಿದ ಚೀಲವಾಗುತ್ತದೆ. ಕೆಲವೊಮ್ಮೆ ಗಟ್ಟಿ ಗಡ್ಡೆಯಾಗುತ್ತದೆ.

ಇವುಗಳಲ್ಲಿ ಬಹುಪಾಲು ವೈದ್ಯರು 'ಬಿನೈನ್' ಎಂದು ಕರೆಯುವ, ಕ್ಯಾನ್ಸರ್ ಅಲ್ಲದ ಗಡ್ಡೆಗಳು. ಹುಟ್ಟಿದ ಜಾಗದಲ್ಲೇ ನಿಧಾನವಾಗಿ ಬೆಳೆಯುತ್ತವೆ, ಶ್ವಾಸಕೋಶಕ್ಕೋ ಯಕೃತ್ತಿಗೋ ಹಾರಿ ನೆಲೆಸುವುದಿಲ್ಲ. ಹಾಗೆಂದು ಇವು ನಿರುಪದ್ರವಿ ಎಂದು ಯಾರೂ ತಿಳಿಯಬಾರದು. ಒಳಗೊಳಗೇ ಮೂಳೆಯನ್ನು ಕರಗಿಸಿ, ಮುಖದ ಆಕಾರವನ್ನೇ ಬದಲಿಸುವ ಗಡ್ಡೆಗಳೂ ಈ ಗುಂಪಿನಲ್ಲೇ ಇವೆ. ನೋವು ಇಲ್ಲದಿರುವುದೇ ಇವುಗಳ ದೊಡ್ಡ ಅಪಾಯ. ಅರಾಬಿಕಾ ಗಿಡದಲ್ಲಿ ಬಿಳಿ ಕಾಂಡಕೊರಕ ಹೊಕ್ಕಾಗ ಎಲೆ ಹಳದಿಯಾಗಿ ಬಾಡುವ ಹೊತ್ತಿಗೆ ಒಳಗೆ ಎಲ್ಲ ಮುಗಿದಿರುತ್ತದೆ. ತೊಗಟೆಯ ಮೇಲಿನ ಉಬ್ಬುಗೆರೆಯನ್ನು ನೋಡಿಯೇ ನಾವು ಗಿಡವನ್ನು ಗುರುತಿಸುತ್ತೇವಲ್ಲವೆ? ದವಡೆಯಲ್ಲಿ ಆ ಉಬ್ಬುಗೆರೆಯ ಹಾಗೆ ಕಾಣುವುದು ನೋವಿಲ್ಲದ ಊತ, ಕಾರಣವಿಲ್ಲದೆ ಅಲುಗಾಡುವ ಅಥವಾ ಸರಿದುಹೋದ ಹಲ್ಲು, ಬೀಳಬೇಕಾದ ವಯಸ್ಸು ದಾಟಿದರೂ ಬೀಳದ ಹಾಲುಹಲ್ಲು, ಇದ್ದಕ್ಕಿದ್ದಂತೆ ಕೂರದೆ ಹೋದ ಕಟ್ಟಿಸಿದ ಹಲ್ಲಿನ ಸೆಟ್ಟು.

ಮೊದಲ ಚಿತ್ರ

ಜರ್ಮನಿಯ ರೋಂಟ್‌ಜೆನ್ 1895ರ ನವೆಂಬರಿನಲ್ಲಿ ಕ್ಷ-ಕಿರಣ ಕಂಡುಹಿಡಿದ. ಕೆಲವೇ ವಾರಗಳಲ್ಲಿ, 1896ರ ಜನವರಿಯಲ್ಲಿ, ವಾಲ್ಕಾಫ್ ಎಂಬ ದಂತವೈದ್ಯ ತನ್ನದೇ ಹಲ್ಲುಗಳ ಚಿತ್ರ ತೆಗೆದ. ಅದಕ್ಕಾಗಿ ಆತ 25 ನಿಮಿಷ ಅಲುಗಾಡದೆ ಇರಬೇಕಾಯಿತು. ಈಗ ಒಂದು ಹಲ್ಲಿನ ಚಿತ್ರಕ್ಕೆ ಒಂದು ಸೆಕೆಂಡಿಗಿಂತಲೂ ಕಡಿಮೆ ಹೊತ್ತು ಸಾಕು.

ಹಲ್ಲಿನ ಡಾಕ್ಟರು ಬಾಯೊಳಗೆ ಚಿಕ್ಕ ಫಿಲ್ಮ್ ಇಟ್ಟು ತೆಗೆಯುವ ಚಿತ್ರದಲ್ಲಿ ಮೂರು ನಾಲ್ಕು ಹಲ್ಲು ಮಾತ್ರ ಬೀಳುತ್ತವೆ. ಹುಳುಕು ಹಲ್ಲಿಗೆ ಅದು ಸಾಕು. ದವಡೆಯಲ್ಲಿ ಊತ ಇದ್ದಾಗ ಬೇಕಾದದ್ದು ಓ.ಪಿ.ಜಿ. ಎಂಬ ದೊಡ್ಡ ಚಿತ್ರ. ಯಂತ್ರದ ಮುಂದೆ ನಿಂತು ಗದ್ದವನ್ನು ಒಂದು ಆಧಾರದ ಮೇಲಿಟ್ಟರೆ ಯಂತ್ರದ ತೋಳು ತಲೆಯ ಸುತ್ತ ಅರ್ಧಸುತ್ತು ಬರುತ್ತದೆ. ಹೆಚ್ಚೆಂದರೆ ಇಪ್ಪತ್ತು ಸೆಕೆಂಡಿನ ಕೆಲಸ. ಒಂದು ಕಿವಿಯ ಬುಡದಿಂದ ಇನ್ನೊಂದು ಕಿವಿಯ ಬುಡದವರೆಗೆ ಎರಡೂ ದವಡೆಗಳು, ಎಲ್ಲಾ ಹಲ್ಲುಗಳು, ಹೊರಗೆ ಬಾರದೆ ಒಳಗೇ ಮಲಗಿರುವ ಬುದ್ಧಿಹಲ್ಲುಗಳು, ಚಾಪೆ ಬಿಡಿಸಿದಂತೆ ಒಂದೇ ಹಾಳೆಯಲ್ಲಿ ಕಾಣುತ್ತವೆ. ಫಿನ್ಲೆಂಡಿನ ಪಾಟೆರೋ ಎಂಬ ದಂತವೈದ್ಯ 1940 ಮತ್ತು 50ರ ದಶಕಗಳಲ್ಲಿ ಬೆಳೆಸಿದ ವಿಧಾನ ಇದು.

ಅಡಿಕೆ ಜಗಿದು ಬಾಯಿ ತೆರೆಯದಂತಾದವರಿಗೆ ಈ ಯಂತ್ರ ಒಂದು ವರದಾನ. ಬಾಯೊಳಗೆ ಫಿಲ್ಮ್ ಇಡಲು ಅವರಲ್ಲಿ ಜಾಗವೇ ಇರುವುದಿಲ್ಲ. ಓ.ಪಿ.ಜಿ.ಯಲ್ಲಿ ಮುಂದಿನ ಹಲ್ಲುಗಳ ನಡುವೆ ಒಂದು ಸಣ್ಣ ಕಡ್ಡಿ ಕಚ್ಚಿಕೊಂಡರೆ ಸಾಕು, ಉಳಿದದ್ದೆಲ್ಲ ಹೊರಗಿನಿಂದಲೇ ನಡೆಯುತ್ತದೆ.

ಚಿತ್ರ ತೆಗೆಸಲು ಹೋಗುವ ಹೆಂಗಸರು ಓಲೆ, ಬುಗುಡಿ, ಮೂಗುತಿ, ಸರ ಎಲ್ಲವನ್ನೂ ತೆಗೆದಿಡಬೇಕು. ಇದು ಬರೀ ಶಿಸ್ತಿನ ಮಾತಲ್ಲ. ಯಂತ್ರ ಸುತ್ತುವುದರಿಂದ ಬಲಗಿವಿಯ ಓಲೆಯ ಮಸುಕಾದ ನೆರಳು ಎಡದವಡೆಯ ಮೇಲೆ, ತುಸು ಮೇಲಕ್ಕೆ ಬೀಳುತ್ತದೆ. ಇಲ್ಲದ ಗಡ್ಡೆ ಇದ್ದಂತೆ ಕಾಣಲೂ, ಇರುವ ಗಡ್ಡೆ ಮರೆಯಾಗಲೂ ಅಷ್ಟು ಸಾಕು. ಮಾಂಗಲ್ಯ ತೆಗೆಯಲು ಸಂಕೋಚಪಡುವವರು ಮೊದಲೇ ಹೇಳಿದರೆ, ಅದನ್ನು ಕಿರಣದ ದಾರಿಗೆ ಅಡ್ಡಬಾರದಂತೆ ಸರಿಸಲು ಸಾಧ್ಯವೇ ಎಂದು ನೋಡಬಹುದು.

ನೆರಳನ್ನು ಓದುವ ಬಗೆ

ಕ್ಷ-ಕಿರಣ ಚಿತ್ರವೆಂದರೆ ನೆರಳು. ಕಿರಣವನ್ನು ತಡೆಯುವ ವಸ್ತು ಬೆಳ್ಳಗೆ, ಬಿಟ್ಟುಕೊಡುವ ವಸ್ತು ಕಪ್ಪಗೆ ಕಾಣುತ್ತದೆ. ಹಲ್ಲಿನ ಮೇಲ್ಕವಚ ಅತಿ ಬಿಳಿ, ಮೂಳೆ ಅದಕ್ಕಿಂತ ಕಡಿಮೆ, ನೀರು ಮತ್ತು ಮಾಂಸ ಕಪ್ಪು. ಗಡ್ಡೆಯು ಮೂಳೆಯನ್ನು ತಿಂದ ಜಾಗ ಕಪ್ಪಾಗಿರುತ್ತದೆ. ಗಡ್ಡೆಯೊಳಗೇ ಹಲ್ಲಿನ ಅಥವಾ ಮೂಳೆಯ ವಸ್ತು ಬೆಳೆಯುತ್ತಿದ್ದರೆ ಅಲ್ಲಿ ಬಿಳಿಯ ಮಚ್ಚೆ.

ತಜ್ಞರು ಮೊಟ್ಟಮೊದಲು ನೋಡುವುದು ಅಂಚನ್ನು. ನಿಧಾನವಾಗಿ ಬೆಳೆಯುವ ಗಡ್ಡೆಯ ಎದುರು ಮೂಳೆಗೆ ತನ್ನನ್ನು ಕಾಪಾಡಿಕೊಳ್ಳಲು ಸಮಯ ಸಿಗುತ್ತದೆ. ಅದು ಗಡ್ಡೆಯ ಸುತ್ತ ಗಟ್ಟಿ ಬದು ಕಟ್ಟುತ್ತದೆ. ಚಿತ್ರದಲ್ಲಿ ಆ ಬದು ತೆಳುವಾದ, ಪೆನ್ಸಿಲಿನಿಂದ ಎಳೆದಂಥ ಬಿಳಿ ಗೆರೆ. ಕ್ಯಾನ್ಸರ್ ಆದರೋ ಬದು ಕಟ್ಟಲು ಬಿಡುವುದಿಲ್ಲ. ಅಂಚು ಗೆದ್ದಲು ತಿಂದ ಹಲಗೆಯಂತೆ ಚಿಂದಿಯಾಗಿರುತ್ತದೆ. ಕೀವಾದ ಚೀಲದಲ್ಲೂ ಈ ಬಿಳಿ ಗೆರೆ ಅಳಿಸಿಹೋಗುವುದುಂಟು. ಆದ್ದರಿಂದ ಗೆರೆ ಇಲ್ಲವೆಂದ ಮಾತ್ರಕ್ಕೆ ಎದೆಗುಂದಬೇಕಾಗಿಲ್ಲ.

ಆಮೇಲೆ ಅಕ್ಕಪಕ್ಕದವರಿಗೆ ಏನಾಗಿದೆ ಎಂಬ ವಿಚಾರ. ಕ್ಯಾನ್ಸರ್ ಅಲ್ಲದ ಗಡ್ಡೆ ಸಾಮಾನ್ಯವಾಗಿ ನೆರೆಯವರನ್ನು ತಳ್ಳುತ್ತದೆ. ಹಲ್ಲುಗಳು ಪಕ್ಕಕ್ಕೆ ಸರಿಯುತ್ತವೆ. ಕೆಳದವಡೆಯೊಳಗೆ ನರ ಹಾದುಹೋಗುವ ಕಾಲುವೆಯೊಂದಿದೆ, ಅದು ಕೆಳಕ್ಕೆ ಬಾಗುತ್ತದೆ. ಮೂಳೆಯ ಹೊರಗೋಡೆ ಉಬ್ಬಿ ಮೊಟ್ಟೆಯ ಚಿಪ್ಪಿನಷ್ಟು ತೆಳುವಾಗುತ್ತದೆ. ಕೆಲವೊಮ್ಮೆ ಬೆರಳಿನಿಂದ ಒತ್ತಿದಾಗ ಚಿಪ್ಪು ಚಟಗುಟ್ಟಿದಂತೆ ಆಗುವುದೂ ಉಂಟು. ನರವನ್ನು ಮೆಲ್ಲಗೆ ತಳ್ಳುವುದರಿಂದ ಸಾಮಾನ್ಯವಾಗಿ ಜೋಮು ಹಿಡಿಯುವುದಿಲ್ಲ. ಕೆಳತುಟಿಯ ಒಂದು ಬದಿ ಜೋಮು ಹಿಡಿದಿದ್ದರೆ ಅದನ್ನು ಮಾತ್ರ ಒಂದು ದಿನವೂ ತಡಮಾಡದೆ ವೈದ್ಯರಿಗೆ ಹೇಳತಕ್ಕದ್ದು, ಏಕೆಂದರೆ ಕ್ಯಾನ್ಸರ್ ನರವನ್ನು ಹೊಕ್ಕಾಗ ಹಾಗಾಗುತ್ತದೆ.

ಗಡ್ಡೆ ಹಲ್ಲಿಗೆ ಎಲ್ಲಿ ಅಂಟಿಕೊಂಡಿದೆ ಎಂಬುದೂ ಬಹಳ ಹೇಳುತ್ತದೆ. ಸತ್ತ ಹಲ್ಲಿನ ಬೇರಿನ ತುದಿಯಲ್ಲಿ ಗುಂಡಗಿನ ಕಪ್ಪು ಇದ್ದರೆ ಅದು ಹೆಚ್ಚಾಗಿ ಹುಳುಕಿನಿಂದ ಬಂದ ಚೀಲ. ಇದೇ ಎಲ್ಲಕ್ಕಿಂತ ಸಾಮಾನ್ಯ. ಹೊರಬಾರದ ಬುದ್ಧಿಹಲ್ಲಿನ ತಲೆಗೆ ಟೋಪಿ ತೊಡಿಸಿದಂತೆ, ಸರಿಯಾಗಿ ಅದರ ಕುತ್ತಿಗೆಯಿಂದ ಶುರುವಾದ ಕಪ್ಪು ಚೀಲವಾದರೆ ಅದು ಇನ್ನೊಂದು ಬಗೆ. ಇನ್ನು ಕೆರಟೋಸಿಸ್ಟ್ ಎಂಬ ಒಂದು ಕಿಲಾಡಿ ಚೀಲವಿದೆ. ಇದು ದವಡೆಯನ್ನು ಹೊರಕ್ಕೆ ಉಬ್ಬಿಸದೆ, ಮೂಳೆಯ ಒಳಗೊಳಗೇ ಉದ್ದಕ್ಕೆ ಹರಿಯುತ್ತದೆ. ಮುಖ ನೋಡಿದರೆ ಏನೂ ಗೊತ್ತಾಗದು. ತಜ್ಞರೇ ಇದನ್ನು 2005ರಲ್ಲಿ ಗಡ್ಡೆಗಳ ಪಟ್ಟಿಗೆ ಸೇರಿಸಿ, 2017ರಲ್ಲಿ ಪುನಃ ಚೀಲಗಳ ಪಟ್ಟಿಗೆ ಕಳಿಸಿದರು. ಹೆಸರು ಯಾವ ಪಟ್ಟಿಯಲ್ಲಿದ್ದರೂ ಸರಿಯಾಗಿ ತೆಗೆಯದಿದ್ದರೆ ಅದು ಮರಳಿ ಬರುತ್ತದೆ.

ಅಮೀಲೋಬ್ಲಾಸ್ಟೋಮ

ಹೆಸರು ನಾಲಿಗೆಗೆ ಕಷ್ಟ, ಆದರೂ ಪರಿಚಯ ಮಾಡಿಕೊಳ್ಳಬೇಕಾದ ಗಡ್ಡೆ. ಪಾಶ್ಚಾತ್ಯ ದೇಶಗಳ ವರದಿಗಳಲ್ಲಿ ಹಲ್ಲಿನ ಮೂಲದ ಗಡ್ಡೆಗಳ ಪೈಕಿ ಓಡಾಂಟೋಮ ಎಂಬುದು ಮುಂದಿದ್ದರೆ, ಭಾರತದ ಮತ್ತು ಆಫ್ರಿಕದ ವರದಿಗಳಲ್ಲಿ ಬಹುತೇಕ ಅಮೀಲೋಬ್ಲಾಸ್ಟೋಮವೇ ಮುಂದು. ಇದಕ್ಕೆ ಒಂದು ಕಾರಣ ವಿಚಾರಯೋಗ್ಯವಾಗಿದೆ. ಓಡಾಂಟೋಮ ತೊಂದರೆ ಕೊಡದೆ ಕುಳಿತಿರುತ್ತದೆ, ಬೇರೆ ಕಾರಣಕ್ಕೆ ಚಿತ್ರ ತೆಗೆದಾಗ ಕಣ್ಣಿಗೆ ಬೀಳುತ್ತದೆ. ಚಿತ್ರ ತೆಗೆಸುವ ರೂಢಿ ಹೆಚ್ಚಿದ್ದಲ್ಲಿ ಅದರ ಲೆಕ್ಕವೂ ಹೆಚ್ಚು. ನಮ್ಮಲ್ಲಿ ಊದಿಕೊಂಡ ಮೇಲೆಯೇ ಆಸ್ಪತ್ರೆಗೆ ಹೋಗುವುದಾದ್ದರಿಂದ, ಊದುವ ಗಡ್ಡೆಯೇ ಪಟ್ಟಿಯಲ್ಲಿ ಮೇಲಿರುತ್ತದೆ.

ಹಲ್ಲಿನ ಮೇಲ್ಕವಚವನ್ನು ಕಟ್ಟುವ ಅಂಗಾಂಶದ ಉಳಿಕೆಯಿಂದ ಇದು ಹುಟ್ಟುತ್ತದೆ. ಹತ್ತರಲ್ಲಿ ಎಂಟು ಪಾಲು ಕೆಳದವಡೆಯಲ್ಲಿ, ಅದರಲ್ಲೂ ಹಿಂದಿನ ದವಡೆಹಲ್ಲುಗಳಿಂದ ಕಿವಿಯ ಕಡೆಗೆ ಏರುವ ಭಾಗದಲ್ಲಿ. ದುಡಿಯುವ ವಯಸ್ಸಿನವರೇ ಹೆಚ್ಚಾಗಿ ಇದಕ್ಕೆ ಸಿಕ್ಕಿಕೊಳ್ಳುತ್ತಾರೆ. ಚಿತ್ರದಲ್ಲಿ ಇದರ ಚಹರೆ ಎದ್ದುಕಾಣುವಂಥದು: ಸಾಬೂನಿನ ನೊರೆಯಂತೆ ಅಥವಾ ಜೇನುಹುಟ್ಟಿನಂತೆ ಕೋಣೆ ಕೋಣೆಯಾದ ಕಪ್ಪು, ನಡುನಡುವೆ ಬಾಗಿದ ಬಿಳಿ ಗೋಡೆಗಳು. ಅದರ ಹತ್ತಿರದ ಹಲ್ಲಿನ ಬೇರುಗಳು ಕತ್ತಿಯಿಂದ ಸವರಿದಂತೆ ಮೊಂಡಾಗಿರುತ್ತವೆ. ಎಳೆಯ ವಯಸ್ಸಿನವರಲ್ಲಿ ಒಂದೇ ಕೋಣೆಯದಾಗಿ, ಬುದ್ಧಿಹಲ್ಲಿನ ಸುತ್ತಲಿನ ಸಾಧಾರಣ ಚೀಲದ ವೇಷದಲ್ಲೇ ಬರುವುದೂ ಉಂಟು. ಚಿತ್ರ ಮೋಸಹೋಗುವುದು ಇಲ್ಲಿ.

ಇದನ್ನು ಕೆರೆದು ತೆಗೆದರೆ ಸಾಲದು. ಚಿತ್ರದಲ್ಲಿ ಕಾಣುವ ಅಂಚನ್ನು ದಾಟಿ ಮೂಳೆಯ ಸಣ್ಣ ಸಂದುಗಳೊಳಗೆ ಇದರ ಕೋಶಗಳು ನುಸುಳಿರುತ್ತವೆ. ನಮ್ಮವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಅಣಬೆ ರೋಗ ತಗುಲಿದ ಅಡಿಕೆ ಮರವನ್ನು ಕಡಿದು, ಬುಡ ಕಿತ್ತು ಸುಟ್ಟಮೇಲೂ ಸುತ್ತ ಕಂದಕ ತೋಡುತ್ತೇವೆ, ಏಕೆಂದರೆ ರೋಗ ಕಣ್ಣಿಗೆ ಕಾಣುವುದಕ್ಕಿಂತ ಮುಂದೆ ಹೋಗಿರುತ್ತದೆ. ಶಸ್ತ್ರವೈದ್ಯರು ಹಲವು ಕೋಣೆಗಳ ಗಡ್ಡೆಯಲ್ಲಿ ಕಾಣುವ ಅಂಚಿನಿಂದಾಚೆಗೆ ಒಂದರಿಂದ ಎರಡು ಸೆಂಟಿಮೀಟರ್ ಒಳ್ಳೆಯ ಮೂಳೆಯನ್ನೂ ಸೇರಿಸಿ ತೆಗೆಯುವುದು ಇದೇ ಲೆಕ್ಕದಿಂದ. ಬರೀ ಕೆರೆದು ಬಿಟ್ಟಾಗ ಅರ್ಧಕ್ಕಿಂತ ಹೆಚ್ಚು ಮಂದಿಯಲ್ಲಿ ಮರಳಿದ ವರದಿಗಳಿವೆ. ಹತ್ತು ವರ್ಷ ಕಳೆದ ಮೇಲೂ ಮರಳುವುದುಂಟು.

ಈಗ ಲೆಕ್ಕ ಹಾಕಿ ನೋಡಿ. ಹುಣಿಸೆಬೀಜದಷ್ಟು ಗಡ್ಡೆಯ ಸುತ್ತ ಒಂದೆರಡು ಸೆಂಟಿಮೀಟರ್ ತೆಗೆದರೆ ದವಡೆಯ ಕೆಳ ಅಂಚು ಉಳಿಯಬಹುದು, ಮುಖದ ಆಕಾರ ಉಳಿಯುತ್ತದೆ. ನಿಂಬೆಹಣ್ಣಿನಷ್ಟಾದಾಗ ಅದೇ ಲೆಕ್ಕದಲ್ಲಿ ತೆಗೆದರೆ ದವಡೆಯೇ ತುಂಡಾಗುತ್ತದೆ.

ಘಟ್ಟದ ಮೇಲಿನ ನಮ್ಮ ಸದಸ್ಯರೊಬ್ಬರ ಕಥೆ ಹೀಗೆಯೇ ಆಯಿತು. ಸುಮಾರು ನಲವತ್ತರ ವಯಸ್ಸು. ಬಲಗಡೆ ಕೆಳದವಡೆಯ ಹಿಂದಿನ ಹಲ್ಲು ಅಲುಗಾಡಿತು, ಪೇಟೆಯ ಒಂದು ದವಾಖಾನೆಯಲ್ಲಿ ಕೀಳಿಸಿದರು. ಐದಾರು ತಿಂಗಳಲ್ಲಿ ಪಕ್ಕದ್ದು, ಆಮೇಲೆ ಅದರ ಪಕ್ಕದ್ದು. ಒಮ್ಮೆಯೂ ಯಾರೂ ಚಿತ್ರ ತೆಗೆಯಲಿಲ್ಲ, ಇವರೂ ಕೇಳಲಿಲ್ಲ. ಸಂಘಕ್ಕೆ ಗೊಬ್ಬರಕ್ಕೆಂದು ಬಂದಾಗ ಊತ ಕಂಡು ವಿಚಾರಿಸಿದೆವು. "ನೋವೇ ಇಲ್ಲದ ಮೇಲೆ ಅವಸರ ಯಾಕೆ ಮಾರಾಯ್ರೆ, ಕೊನೆಕೊಯ್ಲು ಮುಗೀಲಿ, ನೋಡುವ" ಎಂದರು. ಕೊಯ್ಲು ಮುಗಿಯಿತು, ಸುಲಿದು ಬೇಯಿಸಿ ಒಣಗಿಸಿದ್ದೂ ಆಯಿತು. ಓ.ಪಿ.ಜಿ. ಆಗುವ ಹೊತ್ತಿಗೆ ಮೊದಲ ಹಲ್ಲು ಕಿತ್ತು ಒಂದೂವರೆ ವರ್ಷ ಕಳೆದಿತ್ತು. ಆ ಹಾಳೆಯನ್ನು ನಾವು ಕಿಟಕಿಯ ಬೆಳಕಿಗೆ ಹಿಡಿದು ನೋಡಿದ್ದೇವೆ. ಕಿತ್ತ ಹಲ್ಲುಗಳ ಜಾಗದಿಂದ ಕಿವಿಯ ಬುಡದ ಕೀಲಿನ ಹತ್ತಿರದವರೆಗೂ ನೊರೆ ನೊರೆ. ಒಂದು ಬದಿಯ ದವಡೆಯನ್ನು ತೆಗೆದು, ಕಾಲಿನ ಸಣ್ಣ ಮೂಳೆಯನ್ನು ತಂದು ಜೋಡಿಸಬೇಕಾಯಿತು. ಈಗ ಚೆನ್ನಾಗಿದ್ದಾರೆ, ತೋಟಕ್ಕೆ ಹೋಗುತ್ತಾರೆ, ಅನ್ನ ಮೆತ್ತಗಿರಬೇಕು ಅಷ್ಟೆ. ಆದರೆ ಮೊದಲ ಹಲ್ಲು ಅಲುಗಾಡಿದ ದಿನವೇ ಹಾಳೆ ಕೈಗೆ ಬಂದಿದ್ದರೆ ಎಂಬ ಪ್ರಶ್ನೆಯನ್ನು ಅವರ ಮನೆಯಾಕೆ ನಮ್ಮನ್ನು ಕೇಳಿದಾಗ ಉತ್ತರ ಹೇಳುವುದು ಕಷ್ಟವಾಯಿತು.

ಬಿಳಿಯ ಗಡ್ಡೆಗಳು

ಓಡಾಂಟೋಮದ ವಿಚಾರಕ್ಕೆ ಬಂದರೆ, 2019ರಲ್ಲಿ ಚೆನ್ನೈಯ ಸವಿತಾ ದಂತ ಕಾಲೇಜಿನ ಸುದ್ದಿ ಪತ್ರಿಕೆಗಳಲ್ಲೆಲ್ಲ ಬಂದದ್ದು ಹಲವರಿಗೆ ನೆನಪಿರಬಹುದು. ಏಳು ವರ್ಷದ ಹುಡುಗ. ಬಲ ಕೆಳದವಡೆಯ ಊತವನ್ನು ಹೆತ್ತವರು ಅವನಿಗೆ ಮೂರು ವರ್ಷವಿದ್ದಾಗಲೇ ಗಮನಿಸಿದ್ದರು. ಕ್ಷ-ಕಿರಣ ಮತ್ತು ಸಿ.ಟಿ. ಚಿತ್ರಗಳಲ್ಲಿ ದವಡೆಯೊಳಗೆ ಚೀಲದಲ್ಲಿ ತುಂಬಿಟ್ಟಂತೆ ಪುಟ್ಟಪುಟ್ಟ ಹಲ್ಲುಗಳ ರಾಶಿ ಕಂಡಿತು. ಸುಮಾರು 200 ಗ್ರಾಂ ತೂಗುವ ಆ ಚೀಲವನ್ನು ಹೊರತೆಗೆದು ಎಣಿಸಿದಾಗ ಸಿಕ್ಕಿದ್ದು 526 ಹಲ್ಲುಗಳು. ಚಿತ್ರದಲ್ಲಿ ಅದರ ಸ್ಥಾನ ಸರಿಯಾಗಿ ತಿಳಿದದ್ದರಿಂದ ದವಡೆಯ ಪಕ್ಕದ ಗೋಡೆಗಳನ್ನು ಒಡೆಯದೆ ಮೇಲಿನಿಂದಲೇ ತೆಗೆಯಲು ಸಾಧ್ಯವಾಯಿತು. ಅದಕ್ಕೂ ಮುಂಚೆ, 2014ರಲ್ಲಿ, ಮುಂಬಯಿಯ ಜೆ.ಜೆ. ಆಸ್ಪತ್ರೆಯಲ್ಲಿ ಹದಿನೇಳರ ಹುಡುಗನ ದವಡೆಯಿಂದ 232 ಹಲ್ಲುಗಳನ್ನು ತೆಗೆದಿದ್ದರು. ಇವೆಲ್ಲ ಅಪರೂಪದ ಸಂಗತಿಗಳು. ಸಾಮಾನ್ಯವಾಗಿ ಓಡಾಂಟೋಮ ಒಂದು ಹಲ್ಲಿನ ಗಾತ್ರವನ್ನು ಮೀರುವುದಿಲ್ಲ. ಮಕ್ಕಳ ಶಾಶ್ವತ ಹಲ್ಲು ಹೊರಬರದಂತೆ ಅಡ್ಡ ಕುಳಿತಿರುತ್ತದೆ. ಚಿತ್ರದಲ್ಲಿ ಬಿಳಿಯ ಗಂಟು, ಸುತ್ತ ಕಪ್ಪು ಉಂಗುರ. ತೆಗೆದುಬಿಟ್ಟರೆ ಸಾಮಾನ್ಯವಾಗಿ ಅಲ್ಲಿಗೆ ಮುಗಿಯಿತು.

ಮೂಳೆಯೇ ನಾರಿನಂಥ ಅಂಗಾಂಶವಾಗಿ ಮಾರ್ಪಡುವ ಇನ್ನೊಂದು ಸ್ಥಿತಿಯಿದೆ. ಚಿತ್ರದಲ್ಲಿ ಇದು ಸ್ನಾನದ ಮನೆಯ ಮಬ್ಬುಗಾಜಿನಂತೆ ಬೂದು ಬೂದಾಗಿ ಕಾಣುತ್ತದೆ. ಅಂಚು ಎಲ್ಲಿ ಮುಗಿಯಿತು, ಒಳ್ಳೆಯ ಮೂಳೆ ಎಲ್ಲಿ ಶುರುವಾಯಿತು ಎಂದು ಬೆರಳಿಟ್ಟು ತೋರಿಸಲಾಗದು. ಹೆಚ್ಚಾಗಿ ಎಳೆಯರಲ್ಲಿ ಶುರುವಾಗಿ, ಬೆಳವಣಿಗೆ ಮುಗಿಯುವ ವಯಸ್ಸಿನಲ್ಲಿ ತಾನೂ ನಿಧಾನಿಸುತ್ತದೆ. ಇದನ್ನೇ ಹೋಲುವ ಆದರೆ ಸ್ಪಷ್ಟ ಅಂಚಿರುವ ಗಡ್ಡೆಯನ್ನು ಪೂರ್ತಿ ತೆಗೆಯುತ್ತಾರೆ. ಮಬ್ಬುಗಾಜಿನದನ್ನು ಮಾತ್ರ ಅನೇಕ ವೇಳೆ ಬೆಳವಣಿಗೆ ನಿಲ್ಲುವವರೆಗೆ ಕಾದು, ಉಬ್ಬನ್ನಷ್ಟೆ ಹೆರೆದು ಸರಿಪಡಿಸುತ್ತಾರೆ. ಅಂಚಿನ ಒಂದು ಗೆರೆ ಇದೆಯೋ ಇಲ್ಲವೋ ಎಂಬುದರ ಮೇಲೆ ಶಸ್ತ್ರಕ್ರಿಯೆಯೇ ಬದಲಾಗುತ್ತದೆ ನೋಡಿ.

ಏನೂ ಮಾಡಬೇಕಾಗಿಲ್ಲದ ನೆರಳುಗಳೂ ಇವೆ. ಕೆಳದವಡೆಯ ಹಿಂಭಾಗದಲ್ಲಿ, ನರದ ಕಾಲುವೆಗಿಂತ ಕೆಳಗೆ, ಮೊಟ್ಟೆಯಾಕಾರದ ಸಣ್ಣ ಕಪ್ಪು ಕೆಲವರಲ್ಲಿ ಕಾಣುತ್ತದೆ. ಅಲ್ಲಿ ಜೊಲ್ಲಿನ ಗ್ರಂಥಿ ಕುಳಿತ ಜಾಗದಲ್ಲಿ ಮೂಳೆ ತಗ್ಗಾಗಿದೆ, ಅಷ್ಟೆ. ಸ್ಟಾಫ್ನೆ ಎಂಬ ವೈದ್ಯ 1942ರಲ್ಲಿ ಇದನ್ನು ವಿವರಿಸಿದ. ಅಂಗುಳಿನ ನಡುವೆ ಅಥವಾ ನಾಲಿಗೆಯ ಬದಿಗೆ ಗಟ್ಟಿ ಮೂಳೆಯ ಉಬ್ಬು ಇದ್ದು, ವರ್ಷಗಳಿಂದ ಹಾಗೆಯೇ ಇದ್ದರೆ ಅದೂ ಸಾಮಾನ್ಯವಾಗಿ ನಿರಪಾಯ. ಒಮ್ಮೆ ತೋರಿಸಿ ಖಚಿತ ಮಾಡಿಕೊಂಡು ಸುಮ್ಮನಿರಬಹುದು.

ಸಿ.ಟಿ. ಯಾವಾಗ?

ಓ.ಪಿ.ಜಿ.ಗೆ ಎರಡು ದೋಷಗಳಿವೆ. ಚಪ್ಪಟೆ ಹಾಳೆಯಾದ್ದರಿಂದ ಗಡ್ಡೆ ಕೆನ್ನೆಯ ಕಡೆಗೆ ಅಥವಾ ನಾಲಿಗೆಯ ಕಡೆಗೆ ಎಷ್ಟು ಉಬ್ಬಿದೆ ಎಂಬುದು ಅದರಲ್ಲಿ ತಿಳಿಯುವುದಿಲ್ಲ. ಮುಂದಿನ ಹಲ್ಲುಗಳ ಭಾಗದಲ್ಲಿ ಕುತ್ತಿಗೆಯ ಬೆನ್ನೆಲುಬಿನ ನೆರಳು ಅಡ್ಡ ಬಂದು ಮಸುಕಾಗುತ್ತದೆ. ಅಳತೆಯೂ ನಿಜಕ್ಕಿಂತ ತುಸು ಹಿಗ್ಗಿರುತ್ತದೆ. ಆದ್ದರಿಂದ ಗಡ್ಡೆ ಇದೆಯೆಂದು ತಿಳಿದ ಮೇಲೆ, ಶಸ್ತ್ರಕ್ರಿಯೆಗೆ ಮೊದಲು, ಸಿ.ಟಿ. ಬೇಕಾಗುತ್ತದೆ. ಹೌನ್ಸ್‌ಫೀಲ್ಡ್ ರೂಪಿಸಿದ ಈ ಯಂತ್ರದಿಂದ ಮೊದಲ ರೋಗಿಯ ಚಿತ್ರ ತೆಗೆದದ್ದು 1971ರಲ್ಲಿ, ಲಂಡನ್ನಿನಲ್ಲಿ. ಹಲಸಿನ ಹಣ್ಣನ್ನು ಹೊರಗಿನಿಂದ ತಟ್ಟಿ ನೋಡುವುದಕ್ಕೂ ಬಿಲ್ಲೆ ಬಿಲ್ಲೆಯಾಗಿ ಕೊಯ್ದು ನೋಡುವುದಕ್ಕೂ ಇರುವ ವ್ಯತ್ಯಾಸವೇ ಹಾಳೆಗೂ ಸಿ.ಟಿ.ಗೂ ಇದೆ.

1990ರ ದಶಕದ ಕೊನೆಯಲ್ಲಿ ಇಟಲಿ ಮತ್ತು ಜಪಾನುಗಳಲ್ಲಿ ಹಲ್ಲು-ದವಡೆಗೆಂದೇ ಕೋನ್ ಬೀಮ್ ಸಿ.ಟಿ. ಎಂಬ ಸಣ್ಣ ಯಂತ್ರ ಬಂತು. ಮೂಳೆ ಮತ್ತು ಹಲ್ಲನ್ನು ಇದು ಬಹಳ ಚೆನ್ನಾಗಿ ತೋರಿಸುತ್ತದೆ. ಗಡ್ಡೆ ಮೂಳೆಯನ್ನು ಒಡೆದು ಮಾಂಸಕ್ಕೆ ನುಗ್ಗಿದೆಯೇ ಎಂದು ತಿಳಿಯಲು ಮಾತ್ರ ಇದು ಸಾಲದು, ಔಷಧಿ ಚುಚ್ಚಿ ತೆಗೆಯುವ ದೊಡ್ಡ ಸಿ.ಟಿ. ಅಥವಾ ಎಂ.ಆರ್.ಐ. ಬೇಕು. ಒಳಗಿರುವುದು ಬರೀ ನೀರೋ, ಗಟ್ಟಿ ಭಾಗವೂ ಇದೆಯೋ ಎಂಬುದನ್ನು ಎಂ.ಆರ್.ಐ. ಚೆನ್ನಾಗಿ ಬೇರ್ಪಡಿಸುತ್ತದೆ. ಸಾಧಾರಣ ಚೀಲದ ವೇಷದಲ್ಲಿರುವ ಅಮೀಲೋಬ್ಲಾಸ್ಟೋಮ ಸಿಕ್ಕಿಬೀಳುವುದು ಕೆಲವೊಮ್ಮೆ ಇಲ್ಲಿಯೇ.

ಊತ ಕಂಡ ಮೊದಲ ದಿನವೇ ದೊಡ್ಡ ಸ್ಕ್ಯಾನಿಗೆ ಓಡುವುದು ನಮ್ಮ ಅಭಿಪ್ರಾಯದಲ್ಲಿ ದುಂದು. ಮೊದಲು ಓ.ಪಿ.ಜಿ., ಅದನ್ನು ನೋಡಿದ ತಜ್ಞರು ಹೇಳಿದರೆ ಮುಂದಿನದು. ಕಿರಣದ ಭಯಕ್ಕೂ ಒಂದು ಮಾತು. ಮಣ್ಣು, ಗಾಳಿ, ಆಕಾಶಗಳಿಂದ ನಮಗೆ ವರ್ಷಕ್ಕೆ ಸುಮಾರು 2,400 ಮೈಕ್ರೋಸೀವರ್ಟ್ ಕಿರಣ ತಾನಾಗಿಯೇ ತಗಲುತ್ತದೆ, ಇದು ಪ್ರಪಂಚದ ಸರಾಸರಿ. ಒಂದು ಓ.ಪಿ.ಜಿ.ಯಿಂದ ತಗಲುವುದು ಸುಮಾರು 20, ಅಂದರೆ ಮೂರು ದಿನದ ಸಹಜ ಕಿರಣದಷ್ಟು. ಸಿ.ಟಿ.ಯಲ್ಲಿ ಇದರ ಹತ್ತಾರು ಪಟ್ಟು. ಎಂ.ಆರ್.ಐ.ಯಲ್ಲಿ ಕ್ಷ-ಕಿರಣವೇ ಇಲ್ಲ. ಗರ್ಭಿಣಿಯರು ಯಾವ ಚಿತ್ರಕ್ಕೂ ಮೊದಲು ತಿಳಿಸಬೇಕು. ಮಕ್ಕಳಿಗೆ ಅಗತ್ಯವಿದ್ದಷ್ಟೇ ತೆಗೆಸಬೇಕು.

ಚಿತ್ರ ಹೇಳಲಾರದ್ದು

ಚಿತ್ರ ಊಹೆಯನ್ನು ಕಿರಿದುಗೊಳಿಸುತ್ತದೆ, ಗಡ್ಡೆಯ ಹೆಸರನ್ನು ಖಚಿತವಾಗಿ ಹೇಳುವುದು ಬಹುಪಾಲು ಬಯಾಪ್ಸಿ, ಅಂದರೆ ಒಂದು ಚೂರನ್ನು ತೆಗೆದು ಸೂಕ್ಷ್ಮದರ್ಶಕದಲ್ಲಿ ನೋಡುವ ಪರೀಕ್ಷೆ. "ಕತ್ತಿ ತಾಗಿದರೆ ಹರಡುತ್ತದೆ" ಎಂಬ ಮಾತು ನಮ್ಮ ಕಡೆ ಬಲವಾಗಿ ಬೇರೂರಿದೆ. ಈ ಹೆದರಿಕೆಯಿಂದ ಬಯಾಪ್ಸಿ ತಪ್ಪಿಸಿಕೊಂಡವರು ಕಳೆದುಕೊಂಡದ್ದೇ ಹೆಚ್ಚು. ಮಣ್ಣು ಪರೀಕ್ಷೆಗೆ, ಎಲೆ ಪರೀಕ್ಷೆಗೆ ಚೂರು ಕಳಿಸುವ ನಾವು ಇಲ್ಲಿ ಹಿಂಜರಿಯುವುದು ವಿಚಿತ್ರವೇ ಸರಿ.

ಕೆಲವು ಗಡ್ಡೆಗಳಲ್ಲಿ ಬಯಾಪ್ಸಿಯೂ ಪೂರ್ಣ ಉತ್ತರ ಕೊಡದು. ಕುತ್ತಿಗೆಯಲ್ಲಿರುವ ಪ್ಯಾರಾಥೈರಾಯ್ಡ್ ಗ್ರಂಥಿ ಕೆಟ್ಟು ಮೂಳೆಯ ಸುಣ್ಣ ಕರಗುವಾಗ ದವಡೆಯಲ್ಲಿ ಗಡ್ಡೆಯಂಥದೇ ಹುಟ್ಟುತ್ತದೆ. ಚಿತ್ರದಲ್ಲೂ ಸೂಕ್ಷ್ಮದರ್ಶಕದಲ್ಲೂ ಅದು ಇನ್ನೊಂದು ಗಡ್ಡೆಯಂತೆಯೇ ಕಾಣುತ್ತದೆ. ರಕ್ತದ ಕ್ಯಾಲ್ಸಿಯಂ ಮತ್ತು ಆ ಗ್ರಂಥಿಯ ಹಾರ್ಮೋನಿನ ಪರೀಕ್ಷೆಯಿಂದಲೇ ಬೇರೆಯೆಂದು ತಿಳಿಯುತ್ತದೆ. ಅಲ್ಲಿ ದವಡೆಯನ್ನು ಕತ್ತರಿಸುವುದಲ್ಲ, ಗ್ರಂಥಿಗೆ ಚಿಕಿತ್ಸೆ.

ಇನ್ನೊಂದು ಅಪಾಯವನ್ನು ಹೇಳದೆ ಬಿಡಬಾರದು. ದವಡೆಯೊಳಗೆ ರಕ್ತನಾಳಗಳ ಗೊಂಚಲೇ ಗಡ್ಡೆಯಂತೆ ಕುಳಿತಿರುವುದು ಅಪರೂಪಕ್ಕೆ ಉಂಟು. ಚಿತ್ರದಲ್ಲಿ ಇದೂ ನೊರೆಯಂತೆ ಕಾಣಬಹುದು. ವಸಡಿನಿಂದ ಆಗಾಗ ರಕ್ತ ಒಸರುವುದು, ಹಲ್ಲು ನಾಡಿಯ ಜೊತೆ ಮಿಡಿದಂತೆ ಆಗುವುದು ಇದರ ಸುಳಿವು. ಗೊತ್ತಿಲ್ಲದೆ ಅಲ್ಲಿಯ ಹಲ್ಲು ಕಿತ್ತರೆ ರಕ್ತ ನಿಲ್ಲದೆ ಪ್ರಾಣವೇ ಹೋಗಬಹುದು. ಅನುಭವಿಗಳು ಕಪ್ಪು ನೆರಳಿನ ಗಡ್ಡೆಗೆ ಕತ್ತಿ ಹಾಕುವ ಮೊದಲು ಸೂಜಿ ಚುಚ್ಚಿ ಎಳೆದು ನೋಡುವುದು ಇದಕ್ಕಾಗಿ. ತಿಳಿಹಳದಿ ನೀರು ಬಂದರೆ ಚೀಲ. ಕೆಂಪು ರಕ್ತ ಚಿಮ್ಮಿ ಬಂದರೆ ಕೈ ಅಲ್ಲಿಗೇ ನಿಲ್ಲುತ್ತದೆ. ಊತವಿರುವ ಕಡೆಯ ಹಲ್ಲನ್ನು ಚಿತ್ರವಿಲ್ಲದೆ ಕೀಳಿಸಬೇಡಿ ಎಂದು ನಾವು ಒತ್ತಿ ಹೇಳುವುದಕ್ಕೂ ಇದೇ ಮುಖ್ಯ ಕಾರಣ.

ಎಲ್ಲಿಗೆ ಹೋಗಬೇಕು, ಏನು ಇಟ್ಟುಕೊಳ್ಳಬೇಕು

ನಮ್ಮ ಬೆಳೆಗಾರರ ಸೀಮೆಯಲ್ಲಿ ದಂತ ಕಾಲೇಜುಗಳಿಗೆ ಕೊರತೆಯಿಲ್ಲ. ವಿರಾಜಪೇಟೆ, ಸುಳ್ಯ, ಮಂಗಳೂರು, ಮಣಿಪಾಲ, ಹಾಸನ, ಶಿವಮೊಗ್ಗ, ದಾವಣಗೆರೆ ಎಲ್ಲ ಕಡೆ ಇವೆ. ಅಲ್ಲಿ ಬಾಯಿಯ ರೋಗ ಮತ್ತು ಕ್ಷ-ಕಿರಣ ಚಿತ್ರಗಳಿಗೆಂದೇ ಒಂದು ವಿಭಾಗವಿರುತ್ತದೆ. "ದವಡೆಯಲ್ಲಿ ಊತ ಇದೆ, ಹಲ್ಲು ಕೀಳುವ ಮೊದಲು ಚಿತ್ರ ನೋಡಿ ಹೇಳಿ" ಎಂದು ಆ ವಿಭಾಗದಲ್ಲೇ ಕೇಳಬಹುದು.

ತೆಗೆಸಿದ ಹಾಳೆ, ಸಿ.ಡಿ., ವರದಿ, ಬಯಾಪ್ಸಿಯ ಚೀಟಿ ಇವು ರೋಗಿಯ ಬಳಿ ಇರಬೇಕಾದವು, ಕೇಳಿ ಪಡೆಯತಕ್ಕದ್ದು. ಹಾಳೆಯ ಮೂಲೆಯಲ್ಲಿ ಹೆಸರು, ತಾರೀಕು, ಎಡ-ಬಲದ ಗುರುತು ಇದೆಯೇ ನೋಡಿಕೊಳ್ಳಿ. ಎರಡು ವರ್ಷ ಹಿಂದಿನ ಹಾಳೆಯ ಪಕ್ಕದಲ್ಲಿ ಇಂದಿನದನ್ನು ಇಟ್ಟಾಗ ಗಡ್ಡೆ ಬೆಳೆಯುತ್ತಿದೆಯೇ, ನಿಂತಿದೆಯೇ ಎಂದು ತಿಳಿಯುವಷ್ಟು ಸ್ಪಷ್ಟವಾಗಿ ಬೇರೆ ಯಾವುದರಿಂದಲೂ ತಿಳಿಯದು. ನಮ್ಮ ಮಳೆಗಾಲದಲ್ಲಿ ಅಟ್ಟದ ಮೇಲಿಟ್ಟ ಹಾಳೆಗೆ ಬೂಷ್ಟು ಹಿಡಿಯುತ್ತದೆ, ಒಂದಕ್ಕೊಂದು ಅಂಟಿಕೊಳ್ಳುತ್ತದೆ. ನಡುವೆ ಕಾಗದ ಹಾಕಿ, ಪಹಣಿ ಪತ್ರ ಇಡುವ ಪೆಟ್ಟಿಗೆಯಲ್ಲೇ ಇಡಿ. ಮೊಬೈಲಿನಲ್ಲಿ ಫೋಟೋ ತೆಗೆದಿಟ್ಟರೆ ತಪ್ಪಿಲ್ಲ, ಆದರೆ ಅದು ಮೂಲ ಹಾಳೆಗೆ ಬದಲಿಯಲ್ಲ. ಅಮೀಲೋಬ್ಲಾಸ್ಟೋಮ ತೆಗೆಸಿಕೊಂಡವರು ವೈದ್ಯರು ಹೇಳಿದ ಕಾಲಕ್ಕೆ ಹೋಗಿ ಚಿತ್ರ ತೆಗೆಸುವುದನ್ನು ಹತ್ತು ವರ್ಷ ಕಳೆದರೂ ಬಿಡಬಾರದು.

ಖರ್ಚಿನ ವಿಚಾರ. 2018ರಲ್ಲಿ ನಿಂತುಹೋಗಿದ್ದ ಯಶಸ್ವಿನಿ ಯೋಜನೆ 2022ರಲ್ಲಿ ಸಹಕಾರ ಸಂಘಗಳ ಸದಸ್ಯರಿಗೆ ಪುನಃ ಆರಂಭವಾಯಿತು. ಯಾವ ಶಸ್ತ್ರಕ್ರಿಯೆ, ಯಾವ ಆಸ್ಪತ್ರೆ ಯೋಜನೆಯಲ್ಲಿ ಸೇರಿದೆ ಎಂಬುದನ್ನು ದಾಖಲಾಗುವ ಮೊದಲೇ ವಿಚಾರಿಸಬೇಕು, ಬಿಲ್ಲು ಕಟ್ಟಿದ ಮೇಲೆ ನಮ್ಮ ಬಳಿ ಬಂದರೆ ಉಪಯೋಗವಿಲ್ಲ. ಕಛೇರಿಗೆ ಬರುವಾಗ ಸದಸ್ಯತ್ವದ ಪುಸ್ತಕ, ಪಡಿತರ ಚೀಟಿ, ಆಧಾರ್ ಹಾಗೂ ವೈದ್ಯರ ಬರಹದ ಜೊತೆಗೆ ಇರುವಷ್ಟು ಹಾಳೆಗಳನ್ನೂ ತರಬೇಕಾಗಿ ವಿನಂತಿ.

— ಕಾರ್ಯದರ್ಶಿ